ಹೊಟ್ಟೆ ತುಂಬಿದರೂ ಏರದ ತೂಕ: ಚಳ್ಳಕೆರೆ ಸೀಮೆಯ ಒಂದು ಮಗುವಿನ ಊಟದ ಪ್ರಕರಣ

ಎಂಟು ತಿಂಗಳ ಹೆಣ್ಣುಮಗು. ದಿನಕ್ಕೆ ಮೂರು ಹೊತ್ತು ರಾಗಿ ಸರಿ ಕುಡಿಯುತ್ತಿತ್ತು, ಹಟವಿಲ್ಲ, ಕುಡಿದ ಮೇಲೆ ನಿದ್ದೆ. ಆದರೆ ಆರು ತಿಂಗಳಲ್ಲಿ 6.5 ಕಿಲೊ ಇದ್ದ ತೂಕ ಏಳರಲ್ಲೂ ಅಷ್ಟೇ ಇತ್ತು, ಎಂಟರಲ್ಲಿ 6.4ಕ್ಕೆ ಇಳಿದಿತ್ತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಪ್ರಕರಣ ಇದು. ಊರು, ಹೆಸರು ಬಿಟ್ಟಿದೆ. ಮನೆಯವರ ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದೆ. ಊಟದ ಅಳತೆಗಳನ್ನು ಮಾತ್ರ ಹಾಗೇ ಇಟ್ಟಿದೆ, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಅಳತೆಯ ಮೇಲೆ.

ಹಿನ್ನೆಲೆ

ಮನೆಯಲ್ಲಿ ಅಜ್ಜಿ, ಮಗ, ಸೊಸೆ, ನಾಲ್ಕು ವರ್ಷದ ಗಂಡುಮಗು, ಈ ಕೂಸು. ಎರಡು ಎಕರೆ ಮಳೆಯಾಶ್ರಿತ ಹೊಲ, ಶೇಂಗಾ, ರಾಗಿ. ಮನೆಯ ರಾಗಿ ವರ್ಷಕ್ಕಾಗುತ್ತದೆ. ತಂದೆ ಬಾಡಿಗೆ ಗಾಡಿ ಓಡಿಸುತ್ತಾರೆ, ಸುಗ್ಗಿಯಲ್ಲಿ ಈರುಳ್ಳಿ ಹೇರಿಕೊಂಡು ಯಶವಂತಪುರದ ಮಾರುಕಟ್ಟೆಗೆ ಹೋದರೆ ಬರುವುದು ಮರುದಿನ. ತಾಯಿ ತವರಿನಲ್ಲಿ ಬಾಣಂತನ ಮುಗಿಸಿ ಐದನೇ ತಿಂಗಳಲ್ಲಿ ಗಂಡನ ಮನೆಗೆ ಬಂದವರು. ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಈರುಳ್ಳಿ ಕಿತ್ತು ಕೊಯ್ಯುವ ಕೆಲಸ ಶುರುವಾಗಿತ್ತು. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಐದೂವರೆಗೆ ವಾಪಸ್. ಆ ಎರಡು ಮೂರು ತಿಂಗಳ ಕೂಲಿ ಈ ಮನೆಗೆ ಬಿಡುವಂಥದ್ದಲ್ಲ. ‘ಕೆಲಸ ಬಿಟ್ಟು ಮಗು ನೋಡಿಕೊಳ್ಳಿ’ ಎಂಬ ಸಲಹೆಗೆ ಇಲ್ಲಿ ಅರ್ಥವಿರಲಿಲ್ಲ. ಯಾರೂ ಕೊಡಲೂ ಇಲ್ಲ.

ಮಗು ಹುಟ್ಟಿದಾಗ 2.8 ಕಿಲೊ. ಆರು ತಿಂಗಳವರೆಗೆ ಬರೀ ಎದೆಹಾಲು, ಅದೂ ಚೆನ್ನಾಗಿ. ಅಂಗನವಾಡಿಯಲ್ಲಿ ಅನ್ನಪ್ರಾಶನ ಮಾಡಿದ ದಿನ ಯಾರೋ ಹೇಳಿದ ಮಾತು ಅಜ್ಜಿಗೆ ನೆನಪಿತ್ತು: ಎರಡು ಚಮಚ ರಾಗಿ ಹಿಟ್ಟು, ಒಂದು ಲೋಟ ನೀರು, ತೆಳ್ಳಗೆ ಕಾಸಿ ಕೊಡಿ. ಅಜ್ಜಿ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಆರನೇ ತಿಂಗಳಲ್ಲಿ ಎರಡು ಚಮಚ, ಏಳರಲ್ಲಿ ಎರಡು ಚಮಚ, ಎಂಟರಲ್ಲೂ ಎರಡೇ ಚಮಚ. ಯಾವಾಗ ಹೆಚ್ಚಿಸಬೇಕು, ಯಾವಾಗ ಗಟ್ಟಿ ಮಾಡಬೇಕು ಎಂದು ಹೇಳಿದವರಿಲ್ಲ.

ಅಂಗನವಾಡಿಯಿಂದ ಮಗುವಿಗೆಂದು ಪುಷ್ಟಿ ಎಂಬ ಪೂರಕ ಆಹಾರದ ಪೊಟ್ಟಣ ಬರುತ್ತಿತ್ತು. ಅದು ಅಣ್ಣನ ಪಾಲಾಗುತ್ತಿತ್ತು. ಸಿಹಿ ಪುಡಿಯನ್ನು ಬರಿಗೈಲಿ ಮುಕ್ಕುವುದು ಅವನ ಸಂಜೆಯ ಕೆಲಸ.

ಹಸಿರು ಪಟ್ಟಿಯಲ್ಲೇ ಇದ್ದ ಚುಕ್ಕೆ

ತಾಯಿ ಕಾರ್ಡಿನ ಬೆಳವಣಿಗೆಯ ನಕ್ಷೆಯಲ್ಲಿ ಮಗುವಿನ ಚುಕ್ಕೆ ಎಂಟನೇ ತಿಂಗಳಲ್ಲೂ ಹಸಿರು ಪಟ್ಟಿಯಲ್ಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಎಂಟು ತಿಂಗಳ ಹೆಣ್ಣುಮಗುವಿನ ನಡುಮಟ್ಟದ ತೂಕ 7.9 ಕಿಲೊ, 6.3ಕ್ಕಿಂತ ಕೆಳಗಿಳಿದರೆ ಕಡಿಮೆ ತೂಕದ ಹಳದಿ ಪಟ್ಟಿ. 6.4 ಎಂದರೆ ಹಸಿರಿನ ಅಂಚು. ಬಣ್ಣ ಮಾತ್ರ ನೋಡಿ ಪಟ್ಟಿ ತುಂಬುವವರು ‘ಸಾಮಾನ್ಯ’ ಎಂದು ಬರೆದು ಮುಂದಿನ ಮಗುವನ್ನು ಕರೆಯುತ್ತಾರೆ. ಈ ಊರಿನ ಅಂಗನವಾಡಿ ಕಾರ್ಯಕರ್ತೆ ಹಾಗೆ ಮಾಡಲಿಲ್ಲ. ಮೂರು ಚುಕ್ಕೆಗಳನ್ನು ಪೆನ್ಸಿಲ್ಲಿನಲ್ಲಿ ಸೇರಿಸಿ ನೋಡಿದರು. ಗೆರೆ ಮೇಲಕ್ಕೆ ಹೋಗುವ ಬದಲು ಮಲಗಿತ್ತು, ಕೊನೆಯಲ್ಲಿ ಬಾಗಿತ್ತು. ಪ್ರಕರಣದ ಮೊದಲ ತಿರುವು ಇದು. ಒಂದು ತಿಂಗಳು ತಡವಾಗಿದ್ದರೆ ಅದೇ ಮಗು ಹಳದಿಯಲ್ಲಿ ಸಿಕ್ಕುತ್ತಿತ್ತು.

ಊಟದ ಕಡೆ ತಿರುಗುವ ಮುನ್ನ ಕಾಯಿಲೆ ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಿವಿ, ಎದೆ, ಮೂತ್ರ ನೋಡಿದರು, ಸೋಂಕಿಲ್ಲ. ತೋಳಿನ ಸುತ್ತಳತೆ 12.8 ಸೆಂಟಿಮೀಟರ್. 12.5ಕ್ಕಿಂತ ಕಡಿಮೆಯಾದರೆ ಮಧ್ಯಮ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಾದರೆ ತೀವ್ರ. ಇಲ್ಲೂ ಅಂಚು. ಹಿಮೋಗ್ಲೋಬಿನ್ ಮಾತ್ರ 9.6 ಗ್ರಾಂ, ಈ ವಯಸ್ಸಿಗೆ 11 ಇರಬೇಕು. ವೈದ್ಯರು ಕಬ್ಬಿಣದ ಸಿರಪ್ ದಿನಕ್ಕೆ 1 ಮಿಲಿಯಂತೆ ಎರಡು ತಿಂಗಳಿಗೆ ಬರೆದರು. ಹಿಂದಿನ ಎರಡು ತಿಂಗಳಲ್ಲಿ ಭೇದಿ ಎರಡು ಸಲ ಆಗಿತ್ತು ಎಂಬುದು ಕೇಳಿದ ಮೇಲೆ ಗೊತ್ತಾಯಿತು. ‘ಹಲ್ಲು ಬರೋ ಭೇದಿ’ ಎಂದುಕೊಂಡು ಮನೆಯವರು ಯಾರಿಗೂ ಹೇಳಿರಲಿಲ್ಲ.

ಲೋಟ, ಚಮಚ, ತಕ್ಕಡಿ

ಮನೆ ಭೇಟಿಯ ದಿನ ಕಾರ್ಯಕರ್ತೆ ಮತ್ತು ಆಹಾರ ಸಲಹೆಗಾರ್ತಿ ಯಾವ ಸಲಹೆಯನ್ನೂ ಕೊಡಲಿಲ್ಲ. “ಅಜ್ಜೀ, ದಿನಾ ಹೆಂಗ್ ಮಾಡ್ತೀರೋ ಹಂಗೇ ಮಾಡಿ, ನಾವು ನೋಡ್ತೀವಿ” ಎಂದು ಕೂತರು. ‘ಮಗೂಗೆ ಏನು ಕೊಡ್ತೀರಿ’ ಎಂದು ಕೇಳಿದ್ದರೆ ‘ರಾಗಿ ಸರಿ’ ಎಂಬ ಉತ್ತರ ಬರುತ್ತಿತ್ತು, ಕಾರ್ಡಿನಲ್ಲಿ ‘ಪೂರಕ ಆಹಾರ ಆರಂಭಿಸಲಾಗಿದೆ’ ಎಂದು ಬರೆದು ಎದ್ದು ಬರಬಹುದಿತ್ತು.

ಅಜ್ಜಿಯ ಚಮಚ ಟೀ ಚಮಚ. ಎರಡು ಚಮಚ ಹಿಟ್ಟು ಅಡುಗೆ ತಕ್ಕಡಿಯಲ್ಲಿ 8 ಗ್ರಾಂ ತೂಗಿತು. ನೀರು 200 ಮಿಲಿ. ಅಡಿಕೆ ಗಾತ್ರದ ಬೆಲ್ಲ, ಸುಮಾರು 5 ಗ್ರಾಂ. ಕುದಿಸಿ, ಸೋಸಿ, ಬಾಟಲಿಗೆ. ರಾಗಿ ಹಿಟ್ಟಿನಲ್ಲಿ ಗ್ರಾಮಿಗೆ ಸುಮಾರು 3.2 ಕ್ಯಾಲೊರಿ, 8 ಗ್ರಾಮಿಗೆ 26. ಬೆಲ್ಲದ್ದು 18. ಒಟ್ಟು ಬಾಟಲಿಗೆ 44 ಕ್ಯಾಲೊರಿ. ಮೂರು ಬಾಟಲಿಗೆ 130ರ ಆಸುಪಾಸು, ಪ್ರೋಟೀನ್ ಎರಡು ಗ್ರಾಂ ಕೂಡ ಇಲ್ಲ.

ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಎದೆಹಾಲು ಚೆನ್ನಾಗಿ ಸಿಗುತ್ತಿದ್ದರೆ ಅದರಿಂದ 400, ಊಟದಿಂದ 200. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಊಟದ ಪಾಲು 300ಕ್ಕೆ ಏರುತ್ತದೆ. ಹಾಗಾದರೆ ಕೊರತೆ 70 ಕ್ಯಾಲೊರಿ ಮಾತ್ರವೇ? ಅಲ್ಲ. ಮಗುವಿನ ಹೊಟ್ಟೆ ಹಿಡಿಸುವುದು ತೂಕದ ಕಿಲೊಗೆ 30 ಮಿಲಿ. ಈ ಮಗುವಿಗೆ ಸುಮಾರು 190 ಮಿಲಿ. ಒಂದು ಬಾಟಲಿ ಎಂದರೆ ಪೂರ್ತಿ ತುಂಬಿದ ಹೊಟ್ಟೆ. ತುಂಬಿದ ಹೊಟ್ಟೆಯ ಮಗು ಅಳುವುದಿಲ್ಲ, ಮಲಗುತ್ತದೆ. ಸಂಜೆ ತಾಯಿ ಬಂದಾಗ ಕೊನೆಯ ಬಾಟಲಿ ಸ್ವಲ್ಪ ಮುಂಚೆ ಮುಗಿದಿರುತ್ತಿತ್ತು, ಎದೆಗೆ ಹಾಕಿದರೆ ಎರಡು ನಿಮಿಷ ಚೀಪಿ ಬಿಡುತ್ತಿತ್ತು. ಚೀಪುವುದು ಕಡಿಮೆಯಾದಂತೆ ಹಾಲೂ ಕಡಿಮೆಯಾಯಿತು. ಎದೆಹಾಲಿನಲ್ಲಿ 100 ಮಿಲಿಗೆ 65ರಿಂದ 70 ಕ್ಯಾಲೊರಿ. ಈ ಸರಿಯಲ್ಲಿ 100 ಮಿಲಿಗೆ 22. ಮಗುವಿನ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ಅದರ ಮೂರನೇ ಒಂದು ಪಾಲು ಸತ್ವದ ನೀರು ಆಕ್ರಮಿಸಿಕೊಂಡಿತ್ತು. ರಾಗಿ ಒಳ್ಳೆಯದೇ, ಅಜ್ಜಿ ಕೊಟ್ಟದ್ದೂ ಪ್ರೀತಿಯಿಂದಲೇ. ಕೆಟ್ಟದ್ದು ನೀರಿನ ಪ್ರಮಾಣ.

ಭೇದಿಗೂ ಕಾರಣ ಅಲ್ಲೇ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಒಟ್ಟಿಗೆ ಕಾಸಿಟ್ಟ ಸರಿಯನ್ನೇ ಮಧ್ಯಾಹ್ನ ಎರಡಕ್ಕೂ ಕೊಡುತ್ತಿದ್ದರು. ಬಾಟಲಿಯ ನಿಪ್ಪಲ್ಲಿನ ಒಳಗೆ ಹಿಟ್ಟಿನ ಪದರ ಕಟ್ಟಿತ್ತು.

ತಂದೆ ಚಳ್ಳಕೆರೆಯ ಔಷಧಿ ಅಂಗಡಿಯಿಂದ ಬೇಬಿ ಫುಡ್ ಡಬ್ಬವನ್ನೂ ತಂದಿದ್ದರು. ಡಬ್ಬದ ಮೇಲೆ ಬರೆದ ಅಳತೆಗೆ ಅದು ಒಂದು ವಾರಕ್ಕೆ ಬರಬೇಕು. ಮನೆಯಲ್ಲಿ ಮೂರು ವಾರವಾದರೂ ಉಳಿದಿತ್ತು. ದುಬಾರಿ ಪದಾರ್ಥಕ್ಕೆ ಬಡವರ ಮನೆಯಲ್ಲಿ ಯಾವಾಗಲೂ ಇದೇ ಗತಿ: ನೀರು ಹೆಚ್ಚುತ್ತದೆ. ಶಿಶು ಆಹಾರ ಮತ್ತು ಹಾಲೂಡಿಸುವ ಬಾಟಲಿಗಳ ಪ್ರಚಾರವನ್ನು 1992ರ ಕಾಯ್ದೆ ನಿಷೇಧಿಸಿದೆ, ಆದರೆ ಮಾರಾಟ ನಿಂತಿಲ್ಲ, ನಿಲ್ಲುವುದೂ ಇಲ್ಲ. ಡಬ್ಬವನ್ನು ಬೈಯುವ ಬದಲು, ಅದರ ಹಣಕ್ಕೆ ಮನೆಯಲ್ಲಿ ಏನು ಬರುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು: ಅರ್ಧ ಕಿಲೊ ಹೆಸರುಬೇಳೆ, ಕಾಲು ಕಿಲೊ ತುಪ್ಪ.

ಮೊದಲ ಪ್ರಯತ್ನ: ಗಟ್ಟಿ ಮಾಡಿದ್ದು

ಸುಲಭದ ದಾರಿ ಎನಿಸಿದ್ದು ಹಿಟ್ಟು ಹೆಚ್ಚಿಸುವುದು. 200 ಮಿಲಿ ನೀರಿಗೆ 25 ಗ್ರಾಂ ಹಿಟ್ಟು. ಬಿಸಿ ಇರುವಾಗ ಚೆನ್ನಾಗಿಯೇ ಕಂಡಿತು. ಆರಿದ ಮೇಲೆ ಅಂಟಿನಂತೆ ಕಟ್ಟಿಕೊಂಡಿತು. ರಾಗಿಯ ಪಿಷ್ಟದ ಸ್ವಭಾವವೇ ಅದು, ಮುದ್ದೆ ಆಗುವುದೂ ಅದರಿಂದಲೇ. ನಿಪ್ಪಲ್ಲಿನಿಂದ ಇಳಿಯಲಿಲ್ಲ. ಅಜ್ಜಿ ಸೂಜಿ ಕಾಯಿಸಿ ತೂತು ದೊಡ್ಡದು ಮಾಡಿದರು. ಮಗು ಮಲಗಿದ್ದಂತೆಯೇ ಒಮ್ಮೆಲೇ ಬಾಯಿ ತುಂಬಿ ಕೆಮ್ಮಿ ಕಕ್ಕಿತು. ಮನೆಯವರು ಹೆದರಿದರು. “ನಾನ್ ಹೇಳ್ಲಿಲ್ವಾ, ಗಟ್ಟಿ ಕೊಟ್ರೆ ಮಗೀಗೆ ಗಂಟಲು ಕಟ್ತೈತೆ, ಮಂದ ಆಗ್ತೈತೆ ಅಂತ?” ಎಂದರು ಅಜ್ಜಿ. ನಾಲ್ಕನೆಯ ದಿನ ಮಲ ಗಟ್ಟಿಯಾಗಿ ಮಗು ತಿಣುಕತೊಡಗಿತು. ಐದನೆಯ ದಿನ ಮತ್ತೆ ಹಳೆಯ ತೆಳು ಸರಿ, ಹಳೆಯ ಬಾಟಲಿ.

ಎಡವಿದ್ದು ಮೂರು ಕಡೆ. ಗಟ್ಟಿ ಮಾಡಿದ್ದು ಒಮ್ಮೆಲೇ. ಬಾಟಲಿ ಬಿಡಿಸದೆ ಗಟ್ಟಿ ಮಾಡಿದ್ದು, ಅದು ಅಪಾಯವೂ ಹೌದು. ಹಣ್ಣು, ನೀರು, ಜಿಡ್ಡು ಸೇರಿಸದೆ ಬರೀ ಹಿಟ್ಟು ಹೆಚ್ಚಿಸಿದ್ದು. ಅಜ್ಜಿಯ ‘ಮಂದ’ವನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದ್ದರೆ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು. ಅವರು ಕಂಡದ್ದು ನಿಜ: ಗಂಟಲಿಗೆ ಅಂಟಿತು, ಮಲ ಕಟ್ಟಿತು. ಅವರ ಮಾತನ್ನು ಒಪ್ಪಿಕೊಂಡೇ, ‘ಗಟ್ಟಿ ಇರಬೇಕು, ಆದರೆ ಅಂಟಬಾರದು’ ಎಂಬ ದಾರಿ ಹುಡುಕಬೇಕಾಯಿತು.

ಮೊಳಕೆ ರಾಗಿ

ದಾರಿ ಅಜ್ಜಿಗೇ ಗೊತ್ತಿತ್ತು. ತಾವು ಹೆತ್ತ ಕಾಲದಲ್ಲಿ ಮೊಳಕೆ ಕಟ್ಟಿದ ರಾಗಿಯ ಸರಿ ಮಾಡುತ್ತಿದ್ದರು. ಗಿರಣಿ ಹಿಟ್ಟು ಮನೆಯಲ್ಲಿ ಸದಾ ಇರುವಂತಾದ ಮೇಲೆ ಅದು ಬಿಟ್ಟುಹೋಗಿತ್ತು. ಮೊಳಕೆ ಬಂದಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡರಿಸುತ್ತದೆ. ಹಾಗಾಗಿ ಅದೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟದೆ ಜಾರುತ್ತದೆ. ಜೊತೆಗೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ; ರಕ್ತ ಕಡಿಮೆ ಇರುವ ಈ ಮಗುವಿಗೆ ಅದೂ ಬೇಕಾದ್ದೇ.

ಮೊದಲ ಕಂತು ಹಾಳಾಯಿತು. ಎರಡು ಕಿಲೊ ಒಮ್ಮೆಲೇ ನೆನೆಹಾಕಿದ್ದರು. ಅಶ್ವೀಜದ ಮಳೆ ಹಿಡಿದು ಮೂರು ದಿನ ಬಿಸಿಲಿಲ್ಲ. ಮೊಳಕೆ ಬಂದ ರಾಗಿ ಒಣಗದೆ ಮುಗ್ಗಲು ವಾಸನೆ ಹೊಡೆಯಿತು, ಅಲ್ಲಲ್ಲಿ ಬೂಷ್ಟು. ಹುರಿದರೆ ವಾಸನೆ ಹೋಗುತ್ತದೆ ಎಂದು ಅಜ್ಜಿ ಬಾಣಲೆ ಇಟ್ಟಿದ್ದರು. ವಾಸನೆ ಹೋಗಬಹುದು, ಬೂಷ್ಟಿನ ವಿಷ ಮನೆಯ ಹುರಿತಕ್ಕೆ ಹೋಗುವುದಿಲ್ಲ. ಎರಡು ಕಿಲೊ ರಾಗಿ ಚೆಲ್ಲಲು ಅವರಿಗೆ ಮನಸ್ಸು ಬರಲಿಲ್ಲ. ಕೊನೆಗೂ ಮಗುವಿಗೆ ಹಾಕಲಿಲ್ಲ ಎಂಬುದಷ್ಟೇ ಸಮಾಧಾನ.

ಎರಡನೆಯ ಕಂತು ಸರಿಬಂತು. ಕ್ರಮ ಹೀಗೆ. ಅರ್ಧ ಕಿಲೊ ರಾಗಿಯನ್ನು ಕಲ್ಲು ಆರಿಸಿ ನಾಲ್ಕೈದು ನೀರಿನಲ್ಲಿ ತೊಳೆದು ಸಂಜೆ ನೆನೆಹಾಕಬೇಕು, 10ರಿಂದ 12 ಗಂಟೆ. ಬೆಳಿಗ್ಗೆ ನೀರು ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ಇಡಬೇಕು. ಬಿಗಿಯಾಗಿ ಕಟ್ಟಿದರೆ ನಡುವಿನ ಕಾಳು ಬಿಸಿಯೇರಿ ಹುಳಿ ವಾಸನೆ ಬರುತ್ತದೆ. ಬಟ್ಟೆ ಒಣಗಿದಂತೆ ನೀರು ಚಿಮುಕಿಸುತ್ತಿದ್ದರೆ 24ರಿಂದ 36 ಗಂಟೆಯಲ್ಲಿ ಅರ್ಧ ಸೆಂಟಿಮೀಟರ್ ಮೊಳಕೆ ಬರುತ್ತದೆ. ಅದಕ್ಕಿಂತ ಉದ್ದ ಬಿಟ್ಟರೆ ಹಿಟ್ಟು ಕಹಿ. ಬಟ್ಟೆಯ ಮೇಲೆ ತೆಳ್ಳಗೆ ಹರವಿ ಎರಡು ಬಿಸಿಲು ಒಣಗಿಸಬೇಕು. ಹಲ್ಲಿಗಿಟ್ಟರೆ ಕಟುಂ ಎನ್ನಬೇಕು. ಅಂಗೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಮೊರದಲ್ಲಿ ಕೇರಿ ತೆಗೆಯಬೇಕು. ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗಾಗುವಷ್ಟು ಮಾತ್ರ ಹುರಿಯುವುದು. ಘಮ್ಮೆನ್ನುವಷ್ಟು ಹುರಿದರೆ ರುಚಿ ಹೆಚ್ಚು, ಆದರೆ ಕಿಣ್ವ ಸತ್ತು ಸರಿ ಮತ್ತೆ ಅಂಟಾಗುತ್ತದೆ. ಮೊಳಕೆ ಕಟ್ಟಿದ ಶ್ರಮವೆಲ್ಲ ವ್ಯರ್ಥ. ಪೇಟೆಯ ರಾಗಿ ಮಾಲ್ಟ್ ಪೊಟ್ಟಣದಿಂದ ಈ ಗುಣ ಬಾರದಿದ್ದರೆ ಕಾರಣ ಬಹುಪಾಲು ಇದೇ.

ಗಿರಣಿಯಲ್ಲಿ ಇನ್ನೊಂದು ಎಚ್ಚರ. ಹಿಂದಿನವರು ಖಾರದಪುಡಿ ಬೀಸಿಸಿದ್ದರೆ ಆ ದಿನ ವಾಪಸ್ ಬರುವುದು ಒಳ್ಳೆಯದು. ರಾಗಿ ಬೀಸಿದ ಮೇಲೆಯೇ ಹಾಕಿಸಿ, ಮೊದಲ ಹಿಡಿ ಹಿಟ್ಟನ್ನು ಬೇರೆ ಇಡಬೇಕು. ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಿದರೆ ತೌಡು ಉಳಿಯುತ್ತದೆ. ಒಂಬತ್ತು ತಿಂಗಳ ನಂತರ ಸೋಸುವುದೂ ಬೇಡ, ಸಾಮಾನ್ಯ ಜರಡಿ ಸಾಕು.

ಮೂರು ಪಾಲು ಈ ಹಿಟ್ಟಿಗೆ ಒಂದು ಪಾಲು ಹುರಿದು ಪುಡಿ ಮಾಡಿದ ಹೆಸರುಬೇಳೆ ಸೇರಿಸಿ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟರು. ಒಮ್ಮೆಗೆ ಹದಿನೈದು ದಿನಕ್ಕಾಗುವಷ್ಟು ಮಾತ್ರ.

ಒಂದು ಬಟ್ಟಲಿನ ಲೆಕ್ಕ

ಮೂರು ಊಟದ ಚಮಚ ತಲೆಸಮ ಮಿಶ್ರಣ, ತೂಗಿದರೆ ಸುಮಾರು 27 ಗ್ರಾಂ. 180 ಮಿಲಿ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಎಂಟು ಹತ್ತು ನಿಮಿಷಕ್ಕೆ ಕುದಿಗೆ ತರಬೇಕು. ನಿಧಾನ ಏಕೆಂದರೆ ಕಿಣ್ವ ಕೆಲಸ ಮಾಡುವುದು ಕುದಿಯುವ ಮುಂಚಿನ ಬಿಸಿಯಲ್ಲಿ; ಕುದಿನೀರಿಗೆ ಹಿಟ್ಟು ಸುರಿದರೆ ಅದು ತಕ್ಷಣ ಸಾಯುತ್ತದೆ. ಕುದಿ ಬಂದ ಮೇಲೆ ಐದು ನಿಮಿಷ ಬೇಯಲಿ, ಬೇಳೆ ಪುಡಿ ಹಸಿಯಾಗಿ ಉಳಿಯಬಾರದು. ಕೆಳಗಿಳಿಸಿ ಒಂದು ಟೀ ಚಮಚ ತುಪ್ಪ, 5 ಗ್ರಾಂ ಶೇಂಗಾ ಪುಡಿ. ಒಟ್ಟು ಸುಮಾರು 155 ಕ್ಯಾಲೊರಿ, ಅಂದರೆ ಗ್ರಾಮಿಗೆ ಒಂದರ ಹತ್ತಿರ. ಹಳೆಯ ಸರಿಗಿಂತ ನಾಲ್ಕು ಪಟ್ಟು, ಅದೂ ಅಷ್ಟೇ ಜಾಗದಲ್ಲಿ. ಅರ್ಧರ್ಧ ಬಟ್ಟಲು ಮೂರು ಹೊತ್ತು ಕೊಟ್ಟರೂ 230 ಕ್ಯಾಲೊರಿ, ಎದೆಹಾಲಿಗೂ ಹೊಟ್ಟೆಯಲ್ಲಿ ಜಾಗ.

ಹದ ನೋಡಲು ತಕ್ಕಡಿ ಬೇಡ. ಚಮಚ ಓರೆ ಮಾಡಿದರೆ ನೀರಿನಂತೆ ಸುರಿಯದೆ ನಿಧಾನವಾಗಿ ಜಾರಿ ಬೀಳಬೇಕು. ಬಾಟಲಿಯಿಂದ ಕುಡಿಸಬಹುದಾದಷ್ಟು ತೆಳ್ಳಗಿದ್ದರೆ ಅದು ಊಟವಲ್ಲ.

ಶೇಂಗಾ ಚಳ್ಳಕೆರೆಯಲ್ಲಿ ಕೇಳುವ ಮಾತೇ ಅಲ್ಲ, ಎಣ್ಣೆ ಗಿರಣಿಗಳ ಊರು. ಆದರೆ ಮನೆಬಳಕೆಗೆ ಉಳಿಸಿಕೊಳ್ಳುವುದು ಹೆಚ್ಚಾಗಿ ಮಾರಾಟಕ್ಕೆ ಹೋಗದ ಸುಕ್ಕುಗಾಳು. ಸುಕ್ಕಿದ, ಬಣ್ಣಗೆಟ್ಟ, ಕಹಿ ಕಾಳಿನಲ್ಲಿ ಬೂಷ್ಟಿನ ವಿಷ ಇರುವ ಸಾಧ್ಯತೆ ಹೆಚ್ಚು. ಮಗುವಿನ ಡಬ್ಬಕ್ಕೆ ದುಂಡು ಕಾಳನ್ನೇ ಆರಿಸಬೇಕು. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ ಸರಿಯಲ್ಲಿ ಕಲಸಿಯೇ ಕೊಡಬೇಕು. ಇಡೀ ಅಥವಾ ಒಡೆದ ಕಾಳು ಉಸಿರಿನ ದಾರಿಗೆ ಸಿಕ್ಕಿದರೆ ಜೀವಕ್ಕೇ ಅಪಾಯ. ಮೊದಲ ದಿನ ಕಾಲು ಟೀ ಚಮಚ ಕೊಟ್ಟು ಮೈಮೇಲೆ ದದ್ದು, ತುಟಿ ಊತ, ವಾಂತಿ ಇಲ್ಲವೆಂದು ನೋಡಿಕೊಂಡು ಮೂರು ದಿನದ ನಂತರ ಹೆಚ್ಚಿಸಿದರು. ಹೊಸ ಪದಾರ್ಥ ಯಾವುದಾದರೂ ಒಮ್ಮೆಗೆ ಒಂದೇ.

ಬೆಲ್ಲದ ವಿಚಾರದಲ್ಲಿ ರಾಜಿಯಾಯಿತು. ವರ್ಷ ತುಂಬುವವರೆಗೆ ಸಿಹಿ, ಉಪ್ಪು ಬೇಡ ಎನ್ನುವುದು ಸರಿಯಾದ ಸಲಹೆ. ಆದರೆ ಸಿಹಿ ಸರಿಗೆ ಒಗ್ಗಿದ ಮಗು ಸಪ್ಪೆ ಸರಿಯನ್ನು ಉಗಿದರೆ ಅಜ್ಜಿ ಹಳೆಯದಕ್ಕೇ ಮರಳುತ್ತಾರೆ. ಮೊದಲ ವಾರ ಅರ್ಧ ಬೆಲ್ಲ, ಎರಡನೇ ವಾರ ಅದರರ್ಧ, ಆಮೇಲೆ ಬೆಲ್ಲದ ಬದಲು ಮಾಗಿದ ಬಾಳೆಹಣ್ಣು ಕಿವುಚಿ ಹಾಕಿದರು. ಜೇನುತುಪ್ಪ ಮಾತ್ರ ಯಾವ ರಾಜಿಗೂ ಒಳಪಡಲಿಲ್ಲ. ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ನೀರಿನ ಬಗ್ಗೆ ಒಂದು ಮಾತು. ಈ ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಆದ್ದರಿಂದ ಶುದ್ಧ ನೀರಿನ ಘಟಕದ ನೀರನ್ನು ತಂದು ಅದನ್ನು ಕುದಿಸಿ ಬಳಸಲು ಹೇಳಿದರು.

ಬಾಟಲಿ ಹೋದದ್ದು, ಬಟ್ಟಲು ಬಂದದ್ದು

ಎರಡನೆಯ ದೊಡ್ಡ ತಿರುವು ಇದು, ಕಷ್ಟದ್ದೂ ಇದೇ. ಬಾಟಲಿಯಲ್ಲಿ ಐದು ನಿಮಿಷ. ಬಟ್ಟಲು ಚಮಚದಲ್ಲಿ ಇಪ್ಪತ್ತೈದು ನಿಮಿಷ. ಅಜ್ಜಿಗೆ ಮಂಡಿನೋವು, ನೋಡಿಕೊಳ್ಳಲು ಇನ್ನೊಂದು ಮಗು. ಮೂರೂ ಹೊತ್ತು ಬಟ್ಟಲು ಎಂದು ಹಟ ಹಿಡಿಯದೆ ಹೊತ್ತುಗಳನ್ನು ಹಂಚಿದರು. ಬೆಳಿಗ್ಗೆ ಏಳೂವರೆಯದು ತಾಯಿ ಹೊರಡುವ ಮುಂಚೆ, ಎದೆಹಾಲು ಕೊಟ್ಟು ಸ್ವಲ್ಪ ಹೊತ್ತಿನ ಮೇಲೆ. ಮಧ್ಯಾಹ್ನದ್ದು ಅಜ್ಜಿ, ಆಗಷ್ಟೇ ಕಾಸಿ. ಸಂಜೆ ತಾಯಿ ಬಂದೊಡನೆ ಮೊದಲು ಎದೆಹಾಲು, ಏಳು ಗಂಟೆಗೆ ಊಟ. ನಾಲ್ಕು ಗಂಟೆಯ ಬಾಟಲಿಯನ್ನು ಪೂರ್ತಿ ತೆಗೆದು, ಆ ಹೊತ್ತಿಗೆ ಎರಡು ಚಮಚ ಪರಂಗಿ ಅಥವಾ ಬಾಳೆಹಣ್ಣು. ಆಗ ಸಂಜೆ ಮಗು ಹಸಿದಿರುತ್ತಿತ್ತು, ಚೆನ್ನಾಗಿ ಚೀಪುತ್ತಿತ್ತು. ಎರಡು ವಾರದಲ್ಲಿ ಹಾಲು ಮತ್ತೆ ಏರಿದ್ದು ತಾಯಿಗೇ ತಿಳಿಯಿತು. ಪರಂಗಿ, ತುಪ್ಪ, ಊಟದ ಜೊತೆ ನಾಲ್ಕಾರು ಚಮಚ ಕಾಯಿಸಿ ಆರಿಸಿದ ನೀರು ಸೇರಿದ ಮೇಲೆ ಮಲಬದ್ಧತೆ ಉಳಿಯಲಿಲ್ಲ.

ಮೊದಲ ದಿನಗಳಲ್ಲಿ ಮಗು ಓಕರಿಸುತ್ತಿತ್ತು. ಓಕರಿಕೆಗೂ ಉಸಿರುಗಟ್ಟುವುದಕ್ಕೂ ವ್ಯತ್ಯಾಸ ತೋರಿಸಿಕೊಡಬೇಕಾಯಿತು. ಓಕರಿಸುವ ಮಗುವಿಗೆ ಮುಖ ಕೆಂಪಾಗುತ್ತದೆ, ಸದ್ದು ಬರುತ್ತದೆ, ನಾಲಿಗೆ ಮುಂದೆ ತಳ್ಳುತ್ತದೆ; ಅದು ಕಲಿಯುವ ರೀತಿ, ಬೆನ್ನು ನೇರ ಹಿಡಿದು ಕಾಯಬೇಕು. ಸದ್ದೇ ಇಲ್ಲದೆ ತುಟಿ ನೀಲಿಯಾದರೆ ಮಾತ್ರ ತಕ್ಷಣ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಹೆಗಲ ನಡುವೆ ಐದು ಸಲ ಬಡಿಯಬೇಕು, ಸಹಾಯಕ್ಕೆ ಕೂಗಬೇಕು. ಮಲಗಿಸಿ ತಿನ್ನಿಸುವುದು ಆವತ್ತಿಗೇ ನಿಂತಿತು.

ಒಂಬತ್ತನೇ ತಿಂಗಳಿಗೆ ತೂಕ 6.6. ಏರಿಕೆ 200 ಗ್ರಾಂ ಮಾತ್ರ, ಆದರೆ ಗೆರೆ ಮೇಲೆದ್ದಿತ್ತು.

ಮನೆಯ ಮಡಕೆಯಿಂದ

ಒಂಬತ್ತರ ನಂತರ ಬರೀ ಸರಿಯ ಮೇಲೆ ನಿಲ್ಲಲಾಗದು. ಇಲ್ಲಿ ತೆಗೆದುಕೊಂಡ ನಿರ್ಧಾರ ಸರಳ: ಮಗುವಿಗೆಂದು ಬೇರೆ ಅಡುಗೆ ಮಾಡಿಸಬಾರದು. ಕೂಲಿಯಿಂದ ಬಂದ ತಾಯಿ ಎರಡು ಅಡುಗೆ ನಾಲ್ಕು ದಿನ ಮಾಡಿಯಾಳು, ಐದನೇ ದಿನ ಇಲ್ಲ. ಬೇಳೆಸಾರಿಗೆ ಖಾರ, ಉಪ್ಪು ಹಾಕುವ ಮುಂಚೆ ಒಂದು ಸೌಟು ಬೆಂದ ಬೇಳೆಯನ್ನು ಕಟ್ಟಿನ ಸಮೇತ ತೆಗೆದಿಡುವುದು. ಅದಕ್ಕೆ ನಿಂಬೆ ಗಾತ್ರದ ಮುದ್ದೆಯನ್ನು ಬೆರಳಲ್ಲಿ ಕಿವುಚಿ ಗಂಟಿಲ್ಲದಂತೆ ಕದಡುವುದು. ಮುದ್ದೆಯನ್ನು ನಾವು ನುಂಗುತ್ತೇವೆ, ಮಗುವಿಗೆ ಹಾಗೆ ಕೊಡುವಂತಿಲ್ಲ. ಬೇಳೆ ಬೇಯುವಾಗಲೇ ಒಂದು ಹಿಡಿ ನುಗ್ಗೆಸೊಪ್ಪು ಹಾಕಿದರೆ ಎಲ್ಲರಿಗೂ ಆಯಿತು. ಮಗುವಿನ ಪಾಲಿಗೆ ಮೇಲೆ ನಾಲ್ಕು ಹನಿ ನಿಂಬೆರಸ, ಸೊಪ್ಪು ಬೇಳೆಗಳ ಕಬ್ಬಿಣ ಮೈಗೆ ಹತ್ತಲು. ಅಜ್ಜಿ ಚಹದಲ್ಲಿ ಬಿಸ್ಕತ್ತು ಅದ್ದಿ ಮಗುವಿನ ಬಾಯಿಗಿಡುತ್ತಿದ್ದದ್ದು ಇದಕ್ಕೆ ನೇರ ವಿರುದ್ಧ, ಚಹ ಕಬ್ಬಿಣವನ್ನು ತಡೆಯುತ್ತದೆ. ಅದು ನಿಲ್ಲಲು ತಿಂಗಳು ಹಿಡಿಯಿತು.

ಮೊಟ್ಟೆ ಸೇರಿಸಲು ಮನೆಯಲ್ಲಿ ಅಡ್ಡಿಯಿರಲಿಲ್ಲ, ಸೋಮವಾರ ಶನಿವಾರ ಬಿಟ್ಟು. ಪೂರ್ತಿ ಗಟ್ಟಿಯಾಗಿ ಬೇಯಿಸಿ, ಕಾಲು ಮೊಟ್ಟೆಯಿಂದ ಶುರು ಮಾಡಿ, ಎರಡು ವಾರದಲ್ಲಿ ಇಡೀ ಮೊಟ್ಟೆ. ಒಂದು ಮೊಟ್ಟೆಗೆ 6 ಗ್ರಾಂ ಪ್ರೋಟೀನ್. ಕುರಿ ಮಾಂಸ ತರುವ ಭಾನುವಾರ ಒಂದು ಚಮಚ ಬೆಂದ ಲಿವರ್ ಅರೆದು ಅನ್ನದಲ್ಲಿ ಕಲಸಿದರು. ವಾರಕ್ಕೆ ಒಮ್ಮೆ ಸಾಕು, ಅದರಲ್ಲಿ ಎ ಜೀವಸತ್ವ ಬಹಳ. ಮೊಟ್ಟೆ, ಮಾಂಸ ಮುಟ್ಟದ ಮನೆಯಾದರೆ ಬೇಳೆ, ಶೇಂಗಾ, ಮೊಸರು ಹೆಚ್ಚಿಸಬೇಕು. ಆದರೆ ಅಂಥ ಮನೆಯಲ್ಲಿ ಸೊಪ್ಪಿನಿಂದಲೇ ರಕ್ತ ಏರುತ್ತದೆ ಎಂದು ನಂಬಿ ಕೂರುವಂತಿಲ್ಲ, ಸಿರಪ್ ತಪ್ಪಿಸಬಾರದು.

ಸಿರಪ್ ಕೊಟ್ಟರೆ ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಪಕ್ಕದ ಮನೆಯಲ್ಲಿ ಇದೇ ಕಾರಣಕ್ಕೆ ಶೀಸೆ ಮೂಲೆ ಸೇರಿತ್ತು.

ಹತ್ತು ತಿಂಗಳಿಗೆ 7 ಕಿಲೊ.

ಹಿನ್ನಡೆ

ಹತ್ತೂವರೆ ತಿಂಗಳಲ್ಲಿ ಮತ್ತೆ ಭೇದಿ. ಮನೆಯವರು ಹಳೆಯ ರೂಢಿಯಂತೆ ಮೊಟ್ಟೆ, ಬೇಳೆ, ತುಪ್ಪ ಎಲ್ಲ ನಿಲ್ಲಿಸಿ ಗಂಜಿ ತಿಳಿಗೆ ಇಳಿಸಿದರು. ಆಶಾ ಕಾರ್ಯಕರ್ತೆಗೆ ತಿಳಿದದ್ದು ಐದನೇ ದಿನ. ಓಆರ್‌ಎಸ್, ದಿನಕ್ಕೆ 20 ಮಿಲಿಗ್ರಾಂ ಸತು 14 ದಿನ, ಎದೆಹಾಲು ಕೇಳಿದಷ್ಟು ಸಲ. ಊಟ ನಿಲ್ಲಿಸದೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ. ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು. ಹನ್ನೊಂದು ತಿಂಗಳ ತೂಕ 7 ಕಿಲೊದಲ್ಲೇ ನಿಂತಿತ್ತು, ಹನ್ನೆರಡಕ್ಕೆ 7.5 ಮುಟ್ಟಿತು. ವರ್ಷದ ಹೆಣ್ಣುಮಗುವಿನ ಹಳದಿ ಗೆರೆ 7 ಕಿಲೊ, ನಡುಮಟ್ಟ 8.9. ದೂರ ಇದೆ. ಹಿಮೋಗ್ಲೋಬಿನ್ 10.7; ವಾರಕ್ಕೆ ಎರಡು ಸಲ 1 ಮಿಲಿ ಸಿರಪ್ ಮುಂದುವರಿದಿದೆ.

ಇದರಿಂದ ಬದಲಾದದ್ದು

‘ಏನು ಕೊಡುತ್ತೀರಿ’ ಎಂಬ ಪ್ರಶ್ನೆ ಈ ಮಗುವಿನ ತೊಂದರೆಯನ್ನು ಎರಡು ತಿಂಗಳು ಮುಚ್ಚಿಟ್ಟಿತ್ತು; ಹಿಟ್ಟನ್ನು ತಕ್ಕಡಿಗೆ ಹಾಕಿದಾಗ ಅರ್ಧ ಗಂಟೆಯಲ್ಲಿ ಹೊರಬಂತು. ಈಗ ಆ ಅಂಗನವಾಡಿ ಕೇಂದ್ರದಲ್ಲಿ ‘ಚಮಚ’ ಎಂಬ ಮಾತಿನ ಜೊತೆಗೆ ಯಾವ ಚಮಚ ಎಂದು ಕೈಯಲ್ಲಿ ಹಿಡಿದು ತೋರಿಸುತ್ತಾರೆ. ಅನ್ನಪ್ರಾಶನದ ದಿನ ಕೊಡುವ ಚೀಟಿಯಲ್ಲಿ ಒಂದೇ ಅಳತೆ ಇಲ್ಲ: ಆರು ತಿಂಗಳಿಗೆ ಎರಡು ಮೂರು ಊಟದ ಚಮಚ ಮೆತ್ತನೆಯ ಊಟ, ದಿನಕ್ಕೆ ಎರಡು ಸಲ, ಎಂಟರ ಹೊತ್ತಿಗೆ ಅರ್ಧ ಬಟ್ಟಲು, ಎರಡು ಮೂರು ಸಲ, ಒಂಬತ್ತರಿಂದ ಅರ್ಧ ಬಟ್ಟಲು ಮೂರು ನಾಲ್ಕು ಸಲ, ಕೈಗೆ ಹಿಡಿದು ತಿನ್ನುವ ಮೆತ್ತನೆಯ ಹಣ್ಣಿನ ತುಂಡು ಜೊತೆಗೆ, ವರ್ಷಕ್ಕೆ ಮುಕ್ಕಾಲರಿಂದ ಒಂದು ಬಟ್ಟಲು. ಬಟ್ಟಲು ಎಂದರೆ 250 ಮಿಲಿ ಹಿಡಿಯುವುದು.

ಚೀಟಿಯನ್ನು ಕೊಡುವುದು ತಾಯಿಯ ಕೈಗೆ ಮಾತ್ರ ಅಲ್ಲ. ಸುಗ್ಗಿಯಲ್ಲಿ ಮಗುವಿಗೆ ತಿನ್ನಿಸುವವರು ಯಾರೋ ಅವರನ್ನೇ ಕರೆಸಿ ಒಂದು ಬಟ್ಟಲು ಸರಿ ಅಲ್ಲೇ ಮಾಡಿಸುತ್ತಾರೆ. ತೂಕದ ದಿನವನ್ನೂ ಆ ಎರಡು ತಿಂಗಳು ಬೆಳಿಗ್ಗೆ ಏಳಕ್ಕೆ ಇಡುತ್ತಾರೆ, ಈರುಳ್ಳಿ ಹೊಲಕ್ಕೆ ಹೋಗುವ ಗಾಡಿ ಬರುವ ಮುಂಚೆ. ಪುಷ್ಟಿ ಪೊಟ್ಟಣದ ಪ್ರಶ್ನೆ ಬಗೆಹರಿದಿಲ್ಲ. ಅಣ್ಣನ ಕೈಗೆ ಸಿಗದಂತೆ ಅಜ್ಜಿ ಅದನ್ನು ಅಟ್ಟದ ಮೇಲಿಡುತ್ತಾರೆ. ಅವನು ಈಗ ಹತ್ತುವುದನ್ನು ಕಲಿತಿದ್ದಾನೆ.